ಅರಿಶಿನದ ಸತ್ವವೂ ನ್ಯಾನೋ ಕಣಗಳೂ

ಕೆಮ್ಮು ಬಂದಾಗ ಬಿಸಿ ಹಾಲಿಗೆ ಅರಿಶಿನ, ಕಾಳುಮೆಣಸಿನ ಪುಡಿ ಹಾಕಿ ಕುಡಿಸುವುದು ನಮ್ಮ ಮನೆಗಳ ಹಳೆಯ ರೂಢಿ. ಈಗ ಅದೇ ಅರಿಶಿನದ ಸತ್ವ 'ನ್ಯಾನೋ' ಎಂಬ ಹೆಸರಿನ ಮಾತ್ರೆಯಾಗಿ ಮಾರುಕಟ್ಟೆಗೆ ಬಂದಿದೆ. ಇದೇನೆಂಬುದನ್ನು ಅರಿಶಿನ ಬೆಳೆಯುವ ರೈತರು ತಿಳಿದಿರುವುದು ಒಳ್ಳೆಯದು.

ತೊಡಕು ಎಲ್ಲಿದೆ?

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಮುಖ್ಯ ವಸ್ತು ಕರ್ಕ್ಯುಮಿನ್. ಒಣಗಿದ ಕೊಂಬಿನಲ್ಲಿ ಇದು ಸಾಮಾನ್ಯವಾಗಿ ಶೇ. 2ರಿಂದ 5ರಷ್ಟಿರುತ್ತದೆ. ಇದು ಜಿಡ್ಡಿನಲ್ಲಿ ಕರಗುತ್ತದೆಯೇ ಹೊರತು ನೀರಿನಲ್ಲಿ ಕರಗುವುದು ತೀರ ಕಡಿಮೆ. ಆದ್ದರಿಂದ ತಿಂದದ್ದರಲ್ಲಿ ಬಹುಪಾಲು ಮಲದೊಡನೆ ಹೊರಬೀಳುತ್ತದೆ. ಒಳಸೇರಿದ ಅಲ್ಪಭಾಗವನ್ನೂ ಕರುಳು ಮತ್ತು ಯಕೃತ್ತು ಬೇಗನೆ ಮಾರ್ಪಡಿಸುತ್ತವೆ. ಕರ್ಕ್ಯುಮಿನ್ 2 ಗ್ರಾಮಿನೊಡನೆ ಮೆಣಸಿನ ಸತ್ವವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟರೆ ರಕ್ತ ಸೇರುವ ಪ್ರಮಾಣ ಸುಮಾರು 20 ಪಟ್ಟು ಹೆಚ್ಚುವುದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದರು.

ನ್ಯಾನೋ ವಿಧಾನ

ಒಂದು ಮೀಟರನ್ನು 100 ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ನ್ಯಾನೋಮೀಟರ್. ಕೆಲವು ನೂರು ನ್ಯಾನೋಮೀಟರಿಗಿಂತ ಚಿಕ್ಕದಾದ ಕೊಬ್ಬಿನ ಹನಿ ಇಲ್ಲವೆ ಪ್ರೋಟೀನ್ ಕಣಗಳೊಳಗೆ ಕರ್ಕ್ಯುಮಿನನ್ನು ಅಡಗಿಸುತ್ತಾರೆ. ಅಚ್ಚುಬೆಲ್ಲಕ್ಕಿಂತ ಪುಡಿಬೆಲ್ಲ ಬೇಗ ಕರಗುವಂತೆ, ಕಣ ಚಿಕ್ಕದಾದಷ್ಟೂ ದೇಹ ಹೀರುವುದು ಸುಲಭ.

ಈ ವಿಧಾನ ಹುಸಿಯಲ್ಲ. ಯೂ ಮರದ ತೊಗಟೆಯಲ್ಲಿ ದೊರೆತ ಪ್ಯಾಕ್ಲಿಟಾಕ್ಸೆಲ್ ಎಂಬ ಕ್ಯಾನ್ಸರ್ ಔಷಧವೂ ನೀರಿನಲ್ಲಿ ಕರಗದು. ಅದನ್ನು ಆಲ್ಬುಮಿನ್ ಪ್ರೋಟೀನಿಗೆ ಕೂಡಿಸಿದ, ಸುಮಾರು 130 ನ್ಯಾನೋಮೀಟರ್ ಗಾತ್ರದ ಕಣಗಳ ಔಷಧಕ್ಕೆ ಅಮೆರಿಕ 2005ರಲ್ಲಿ ಅನುಮತಿ ನೀಡಿತು. ಕರ್ಕ್ಯುಮಿನ್ ಇನ್ನೂ ಆ ಮಟ್ಟ ಮುಟ್ಟಿಲ್ಲ. ಅದು ಕ್ಯಾನ್ಸರ್ ಗುಣಪಡಿಸುವುದೆಂಬ ಮಾತಿಗೆ ಆಧಾರ ಸಾಲದು.

ಎಚ್ಚರಿಕೆ

ಹೀರಿಕೆ ಹೆಚ್ಚಿದರೆ ಅಪಾಯವೂ ಹೆಚ್ಚಬಹುದು. ಇಂಥ ಮಾತ್ರೆಗಳಿಂದ ಅಪರೂಪವಾಗಿ ಯಕೃತ್ತಿಗೆ ಹಾನಿಯಾಗುತ್ತದೆಂದು ಆಸ್ಟ್ರೇಲಿಯದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ಎಚ್ಚರಿಸಿತು. ಅಡುಗೆಯಲ್ಲಿ ಬಳಸುವ ಅರಿಶಿನಕ್ಕೆ ಈ ಮಾತು ಅನ್ವಯಿಸದು. ಕಾಮಾಲೆ ಮುಂತಾದ ಯಕೃತ್ತಿನ ಬೇನೆ ಇದ್ದವರು ವೈದ್ಯರನ್ನು ಕೇಳದೆ ಮಾತ್ರೆ ನುಂಗಬಾರದು.

ಬೆಳೆಗಾರರು ಗಮನಿಸಬೇಕಾದುದು

1. ಸತ್ವ ತೆಗೆಯುವವರು ನೋಡುವುದು ಕರ್ಕ್ಯುಮಿನ್ ಅಂಶವನ್ನು. 'ಪ್ರತಿಭಾ' ತಳಿಯಲ್ಲಿ ಇದು ಸುಮಾರು ಶೇ. 6ರಷ್ಟಿದೆ.
2. ಬೇರೆ ಬೇರೆ ತಳಿಗಳ ಕೊಂಬನ್ನು ಬೆರೆಸಬೇಡಿ.
3. ಬೇಯಿಸಿದ ಕೊಂಬನ್ನು ತೇವಾಂಶ ಶೇ. 10ಕ್ಕೆ ಇಳಿಯುವವರೆಗೆ ಒಣಗಿಸಿರಿ. ಹೊಳಪಿಗಾಗಿ ಬಣ್ಣ ಬಳಿಯಬೇಡಿ. ಸೀಸದ ಬಣ್ಣ ವಿಷ.
4. ಬೆಲೆ ಒಪ್ಪುವ ಮೊದಲು ಪ್ರಯೋಗಾಲಯದಲ್ಲಿ ಮಾದರಿ ಪರೀಕ್ಷಿಸಿ ವರದಿ ಇಟ್ಟುಕೊಳ್ಳಿ.

ನ್ಯಾನೋ ಕಣ ಮಾಡುವುದು ಕಾರ್ಖಾನೆಯ ಕೆಲಸ. ಅದರೊಳಗೆ ಸೇರುವ ಸತ್ವ ಮಾತ್ರ ನಮ್ಮ ಹೊಲದಲ್ಲೇ ಹುಟ್ಟಬೇಕು.