ಶಬ್ದ ಹಿಡಿಯುವ ಕನ್ನಡಿಗಳು

ಕತ್ತಲಗೆರೆಯ ಗದ್ದೆಬಯಲಿನಲ್ಲಿ ನೀವು ನಿಂತಿದ್ದೀರಿ ಎಂದುಕೊಳ್ಳಿ. ಮೇಲೆ ವಿಮಾನದ ಸದ್ದು. ಸದ್ದು ಬಂದ ಕಡೆ ನೋಡಿದರೆ ಅಲ್ಲಿ ವಿಮಾನವಿಲ್ಲ. ಅದಾಗಲೇ ಮುಂದೆ ಸಾಗಿರುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ. ಇಷ್ಟು ನಿಧಾನವಾದ ಶಬ್ದವನ್ನೇ ನಂಬಿ ಶತ್ರುವಿಮಾನಗಳನ್ನು ಪತ್ತೆಮಾಡುತ್ತಿದ್ದ ಕಾಲವೊಂದಿತ್ತು.

ಎರಡು ಕಿವಿಗಳ ಲೆಕ್ಕ

ನಮ್ಮ ಕಿವಿಗಳ ನಡುವಿನ ಅಂತರ ಸುಮಾರು 20 ಸೆಂ.ಮೀ. ಪಕ್ಕದಿಂದ ಬಂದ ಶಬ್ದ ಒಂದು ಕಿವಿಗಿಂತ ಇನ್ನೊಂದನ್ನು ಸುಮಾರು 0.6 ಮಿಲಿಸೆಕೆಂಡ್ ತಡವಾಗಿ ತಲಪುತ್ತದೆ. ಈ ವ್ಯತ್ಯಾಸದಿಂದಲೇ ಮಿದುಳು ದಿಕ್ಕನ್ನು ಗುರುತಿಸುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ (1914–18) ಸೈನಿಕರು ಎರಡು ದೊಡ್ಡ ಕಹಳೆಗಳನ್ನು ದೂರದೂರ ನಿಲ್ಲಿಸಿ, ನಳಿಗೆಗಳ ಮೂಲಕ ಕಿವಿಗಳಿಗೆ ಜೋಡಿಸಿಕೊಂಡರು. ಅಂತರ 2 ಮೀಟರಾದರೆ ಕಾಲವ್ಯತ್ಯಾಸವೂ ಹತ್ತು ಪಟ್ಟಾಗುತ್ತದೆ. ಮೇಲೆ ಕೆಳಗೆ ಇಟ್ಟ ಇನ್ನೊಂದು ಜೊತೆ ಕಹಳೆಗಳಿಂದ ಎತ್ತರದ ಕೋನ ಸಿಗುತ್ತಿತ್ತು. ಆ ದಿಕ್ಕಿಗೆ ಸರ್ಚ್‌ಲೈಟ್ ತಿರುಗಿಸುತ್ತಿದ್ದರು.

ಗುಮ್ಮಟದಿಂದ ಕಾಂಕ್ರೀಟಿಗೆ

ವಿಜಯಪುರದ ಗೋಳಗುಮ್ಮಟದಲ್ಲಿ ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿದ್ದವರಿಗೆ ಕೇಳಿಸುತ್ತದೆ. ಅಲ್ಲಿ ಶಬ್ದ ಬಾಗಿದ ಗೋಡೆಯನ್ನು ಅನುಸರಿಸಿ ಸಾಗುತ್ತದೆ. ಇಂಥ ಪಿಸುಮಾತಿನ ಗ್ಯಾಲರಿಗಳನ್ನು ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲಿ ಅಭ್ಯಸಿಸಿದ್ದರು. ಬಾಗಿದ ಗಟ್ಟಿ ಮೈಗೆ ಇನ್ನೊಂದು ಗುಣವೂ ಉಂಟು: ದೂರದಿಂದ ಬಂದ ಶಬ್ದವನ್ನು ಅದು ನಿಮ್ನ ದರ್ಪಣದಂತೆ ಒಂದೆಡೆ ಸೇರಿಸಬಲ್ಲದು.

ಬ್ರಿಟನ್ನಿನವರು 1915ರಲ್ಲಿ ಕೆಂಟ್ ಪ್ರಾಂತದ ಸುಣ್ಣಕಲ್ಲಿನಲ್ಲಿ ಇಂಥ ಕನ್ನಡಿ ಕೊರೆದರು. ಯುದ್ಧಾನಂತರ ವಿಲಿಯಂ ಟಕರ್ ಅವರ ನೇತೃತ್ವದಲ್ಲಿ ಡೆಂಜ್ ಎಂಬಲ್ಲಿ 1928–30ರ ನಡುವೆ 6 ಮತ್ತು 9 ಮೀಟರ್ ಅಗಲದ ಕಾಂಕ್ರೀಟ್ ಕನ್ನಡಿಗಳೂ 60 ಮೀಟರ್ ಉದ್ದದ ಬಾಗಿದ ಗೋಡೆಯೂ ಎದ್ದವು. ಕಾಂಕ್ರೀಟನ್ನು ತಿರುಗಿಸಲಾಗದು. ಆದ್ದರಿಂದ ಕನ್ನಡಿಯನ್ನು ಗೋಳೀಯವಾಗಿ ಮಾಡಿ, ಶಬ್ದ ಸೇರುವ ಬಿಂದುವನ್ನು ಹುಡುಕುತ್ತ ಗ್ರಾಹಕವನ್ನೇ ಸರಿಸುತ್ತಿದ್ದರು.

60 ಮೀಟರ್ ಏಕೆ ಬೇಕಾಯಿತು? ಎರಡು ಅಲಗಿನ ಪ್ರೊಪೆಲ್ಲರ್ ನಿಮಿಷಕ್ಕೆ 1500 ಬಾರಿ ಸುತ್ತಿದರೆ ಶಬ್ದದ ಆವೃತ್ತಿ 50 ಹರ್ಟ್ಸ್, ತರಂಗದೂರ 6.8 ಮೀಟರ್. ಕನ್ನಡಿ ತರಂಗದೂರಕ್ಕಿಂತ ಬಹಳ ದೊಡ್ಡದಿಲ್ಲದಿದ್ದರೆ ವಿವರ್ತನೆಯಿಂದ ಶಬ್ದ ಹರಡಿಕೊಂಡು ದಿಕ್ಕು ಮಸುಕಾಗುತ್ತದೆ.

ಹತ್ತು ನಿಮಿಷ, ಮೂರು ನಿಮಿಷ

ಅನುಕೂಲಕರ ಹವೆಯಲ್ಲಿ 30 ಕಿ.ಮೀ. ದೂರದ ವಿಮಾನ ಕೇಳಿಸಿತು ಎನ್ನೋಣ. ಆ ಶಬ್ದ ಬಂದು ಮುಟ್ಟಲು 88 ಸೆಕೆಂಡ್ ಬೇಕು. ವಿಮಾನದ ವೇಗ ಗಂಟೆಗೆ 160 ಕಿ.ಮೀ. ಆಗಿದ್ದರೆ ಅಷ್ಟರಲ್ಲಿ ಅದು ಸುಮಾರು 4 ಕಿ.ಮೀ. ಹತ್ತಿರ ಬಂದಿರುತ್ತದೆ, ಎಚ್ಚರಿಸಲು ಇನ್ನೂ ಹತ್ತು ನಿಮಿಷವಿದೆ. ವೇಗ 400 ಕಿ.ಮೀ. ಆದರೆ? ವಿಮಾನ ಸುಮಾರು 10 ಕಿ.ಮೀ. ಸಾಗಿಬಿಟ್ಟಿರುತ್ತದೆ. ಉಳಿಯುವುದು ಮೂರೇ ನಿಮಿಷ! ಜನರು ಆಶ್ರಯ ಸೇರಲು, ಕಾದಾಟದ ವಿಮಾನ ಮೇಲೇರಲು ಇದು ಸಾಲದು. ಗಾಳಿ, ಹಡಗು, ಮೋಟಾರುಗಳ ಗದ್ದಲ ಬೇರೆ. ಕನ್ನಡಿ ಎಷ್ಟೇ ದೊಡ್ಡದಾದರೂ ಶಬ್ದದ ವೇಗ ಹೆಚ್ಚದು.

1935ರ ಫೆಬ್ರವರಿ 26ರಂದು ರಾಬರ್ಟ್ ವಾಟ್ಸನ್-ವಾಟ್ ತಂಡ ವಿಮಾನದಿಂದ ರೇಡಿಯೊ ತರಂಗಗಳು ಪ್ರತಿಫಲಿಸುವುದನ್ನು ತೋರಿಸಿತು. 30 ಕಿ.ಮೀ. ಹೋಗಿಬರಲು ಅವಕ್ಕೆ ಬೇಕಾದದ್ದು ಸೆಕೆಂಡಿನ 5000ದಲ್ಲಿ ಒಂದು ಭಾಗ. ರೇಡಾರ್ ಬಂದಿತು, ಕನ್ನಡಿಗಳು ಮೂಲೆಗುಂಪಾದವು.

ಮತ್ತೆ ಕಿವಿಗೆ ಕೆಲಸ

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ನೆಲಕ್ಕೆ ಹತ್ತಿರ ಹಾರುವ ಚಿಕ್ಕ ಡ್ರೋನ್‌ಗಳು ರೇಡಾರಿನ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. 2022ರಲ್ಲಿ ತನ್ನ ಮೇಲೆ ಪೂರ್ಣಪ್ರಮಾಣದ ದಾಳಿ ಆರಂಭವಾದ ಮೇಲೆ ಉಕ್ರೇನ್ ಸಾವಿರಾರು ಅಗ್ಗದ ಮೈಕ್ರೊಫೋನ್‌ಗಳ ಜಾಲ ಹೆಣೆಯಿತು. ಡ್ರೋನ್ 3 ಕಿ.ಮೀ. ದೂರದಲ್ಲಿದ್ದರೆ ಶಬ್ದದ ವಿಳಂಬ 9 ಸೆಕೆಂಡ್. ಗಂಟೆಗೆ 180 ಕಿ.ಮೀ. ವೇಗದ ಡ್ರೋನ್ ಅಷ್ಟರಲ್ಲಿ ಸಾಗುವುದು 450 ಮೀಟರ್ ಮಾತ್ರ. ಒಂದು ದೈತ್ಯ ಕಿವಿ ಮಾಡಲಾಗದ ಕೆಲಸವನ್ನು ಹತ್ತಿರಹತ್ತಿರದ ಸಾವಿರಾರು ಪುಟ್ಟ ಕಿವಿಗಳು ಮಾಡುತ್ತಿವೆ. ಶಬ್ದದ ವೇಗ ಬದಲಾಗಿಲ್ಲ. ಅದು ಕ್ರಮಿಸಬೇಕಾದ ದೂರ ಕಡಿಮೆಯಾಗಿದೆ, ಅಷ್ಟೆ.