ಬ್ಯಾಕಪ್ ಯಶಸ್ವಿ ಎಂಬ ಸಂದೇಶ ಹೇಳದೆ ಬಿಡುವುದು

ಸರ್ವರ್ ನೋಡಿಕೊಳ್ಳುವವರ ಇನ್‌ಬಾಕ್ಸಿಗೆ ದಿನಾ ಬೆಳಿಗ್ಗೆ ಬಂದು ಬೀಳುವ ಮೇಲ್ ಒಂದಿದೆ: ರಾತ್ರಿಯ ಬ್ಯಾಕಪ್ ಯಶಸ್ವಿ. ಆಸ್ಪತ್ರೆಯ ರೋಗಿಗಳ ದಾಖಲೆ, ಸಹಕಾರಿ ಬ್ಯಾಂಕಿನ ಖಾತೆಗಳು, ವಿಶ್ವವಿದ್ಯಾಲಯದ ಅಂಕಪಟ್ಟಿಗಳು ಆ ಒಂದು ಸಾಲನ್ನು ನಂಬಿಕೊಂಡು ಕೂತಿರುತ್ತವೆ. ಬ್ಯಾಕಪ್ ಸಾಫ್ಟ್‌ವೇರ್ ತಯಾರಿಸುವವರು ಪ್ರತಿ ಹೊಸ ಆವೃತ್ತಿಯ ಜೊತೆ ರಿಲೀಸ್ ನೋಟ್ಸ್ ಕೊಡುತ್ತಾರೆ. ಏನೇನು ಸರಿಪಡಿಸಿದ್ದೇವೆ ಎಂಬುದರ ಕೆಳಗೆ, ಯಾವುದು ಇನ್ನೂ ಆಗುವುದಿಲ್ಲ ಎಂಬ ಪಟ್ಟಿಯೂ ಅಲ್ಲಿರುತ್ತದೆ. ಮಾರಾಟದ ಕರಪತ್ರಕ್ಕಿಂತ ಎಷ್ಟೋ ಪ್ರಾಮಾಣಿಕವಾದ ಪುಟ ಅದು, ಓದುವವರು ಮಾತ್ರ ಕಡಿಮೆ. ಓದದೆ ಬಿಟ್ಟಿದ್ದರಿಂದ ಹುಟ್ಟಿಕೊಂಡ ಕೆಲವು ನಂಬಿಕೆಗಳನ್ನು, ನಿಜಕ್ಕೂ ನಡೆದ ಘಟನೆಗಳ ಜೊತೆ ಇಟ್ಟು ಇಲ್ಲಿ ನೋಡಿದೆ.

‘ಯಶಸ್ವಿ ಎಂದು ಬಂದಿದೆಯಲ್ಲ, ಡೇಟಾ ಸರಿಯಾಗಿಯೇ ಇರುತ್ತದೆ.’

ಯಶಸ್ವಿ ಎಂಬುದರ ಅರ್ಥ ಇಷ್ಟೇ: ನಕಲಿಸಲು ಹೇಳಿದ್ದನ್ನು ನಕಲಿಸಿಯಾಯಿತು. ವರ್ಚುವಲ್ ಯಂತ್ರಗಳಲ್ಲಿ ಪ್ರತಿ ರಾತ್ರಿ ಇಡೀ ಡಿಸ್ಕನ್ನು ನಕಲಿಸುವುದಿಲ್ಲ. ಹಿಂದಿನ ಬ್ಯಾಕಪ್ ಆದ ಮೇಲೆ ಯಾವ ಬ್ಲಾಕ್‌ಗಳು ಬದಲಾಗಿವೆ ಎಂದು ಬ್ಯಾಕಪ್ ಸಾಫ್ಟ್‌ವೇರ್ ಕೇಳುತ್ತದೆ, ವರ್ಚುವಲೈಸೇಶನ್ ವ್ಯವಸ್ಥೆ ಪಟ್ಟಿ ಕೊಡುತ್ತದೆ, ಅಷ್ಟನ್ನೇ ಅದು ಎತ್ತಿಕೊಳ್ಳುತ್ತದೆ. 2014ರಲ್ಲಿ ಇಂಥ ವ್ಯವಸ್ಥೆ ತಯಾರಿಸುವ ವಿಎಂವೇರ್ ಕಂಪನಿ ಒಂದು ದೋಷವನ್ನು ಪ್ರಕಟಿಸಿತು. ವರ್ಚುವಲ್ ಡಿಸ್ಕ್ ಒಂದನ್ನು 128 ಜಿಬಿ ಗಡಿ ದಾಟುವಂತೆ ಹಿಗ್ಗಿಸಿದ್ದರೆ ಆ ಪಟ್ಟಿಯೇ ತಪ್ಪಾಗಿ ಬರಬಹುದಿತ್ತು. ಬ್ಯಾಕಪ್ ಸಾಫ್ಟ್‌ವೇರ್ ತನಗೆ ಸಿಕ್ಕ ಪಟ್ಟಿಯನ್ನು ನಿಷ್ಠೆಯಿಂದ ನಕಲಿಸಿ ಯಶಸ್ವಿ ಎಂದು ಬರೆಯುತ್ತಿತ್ತು. ಮರುವರ್ಷ ಅದೇ ಕಂಪನಿಯ ಇಎಸ್‌ಎಕ್ಸ್‌ಐ 6.0ರಲ್ಲಿ ಇದೇ ಭಾಗದಲ್ಲಿ ಇನ್ನೊಂದು ದೋಷ ಕಾಣಿಸಿಕೊಂಡಿತು.

ಪ್ಯಾಚ್ ಹಾಕಿದರೆ ಮುಂದಿನ ಬ್ಯಾಕಪ್‌ಗಳು ಸರಿಹೋಗುತ್ತವೆ, ಈಗಾಗಲೇ ಕೆಟ್ಟಿರುವ ಹಳೆಯವು ಹಾಗೆಯೇ ಉಳಿಯುತ್ತವೆ. ಹೊಸದಾಗಿ ಪೂರ್ಣ ಬ್ಯಾಕಪ್ ತೆಗೆಯಲೇಬೇಕು. ಇದನ್ನು ತಿಳಿಯಬೇಕಾದರೆ ದೋಷದ ಬಗ್ಗೆ ಕಂಪನಿ ಪ್ರಕಟಿಸಿದ ಟಿಪ್ಪಣಿ ಓದಿರಬೇಕು, ಇಲ್ಲವೇ ಒಮ್ಮೆ ರಿಸ್ಟೋರ್ ಮಾಡಿ ನೋಡಿರಬೇಕು.

‘ಬ್ಯಾಕಪ್ ಕೆಟ್ಟರೆ ಎಚ್ಚರಿಕೆಯ ಮೇಲ್ ಬಂದೇ ಬರುತ್ತದೆ.’

2017ರ ಜನವರಿ 31ರ ರಾತ್ರಿ, ಜನರ ಕೋಡ್ ಇಟ್ಟುಕೊಳ್ಳುವ ತಾಣ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ರೆಪ್ಲಿಕಾ (ತದ್ರೂಪಿ) ಸರ್ವರ್ ಎಂದುಕೊಂಡು ಮುಖ್ಯ ಡೇಟಾಬೇಸ್ ಸರ್ವರಿನ ಡೈರೆಕ್ಟರಿಯನ್ನೇ ಅಳಿಸಿದರು. ಕೈ ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಹುಡುಕಿದರೆ, ಅದನ್ನು ಇಡಬೇಕಿದ್ದ ಜಾಗ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6 ಆಗಿತ್ತು, ಬ್ಯಾಕಪ್ ತೆಗೆಯುವ ಪಿಜಿ-ಡಂಪ್ 9.2ರದ್ದು. ತನಗಿಂತ ಹೊಸ ಆವೃತ್ತಿಯ ಸರ್ವರಿನಿಂದ ಪಿಜಿ-ಡಂಪ್ ನಕಲು ತೆಗೆಯುವುದಿಲ್ಲ, ಪ್ರಯತ್ನವನ್ನೂ ಮಾಡದೆ ನಿಲ್ಲುತ್ತದೆ. ಇದು ಗುಟ್ಟೇನಲ್ಲ, ಅದರ ಕೈಪಿಡಿಯಲ್ಲೇ ಬರೆದಿರುವ ಮಿತಿ. ಬ್ಯಾಕಪ್ ಪ್ರತಿ ಸಲ ವಿಫಲವಾದಾಗಲೂ ಮೇಲ್ ಹೋಗುತ್ತಿತ್ತು. ಆದರೆ ಆ ಮೇಲ್‌ಗಳಿಗೆ ಸರಿಯಾದ ಸಹಿ ಇರದ ಕಾರಣ ಮೇಲ್ ಸರ್ವರ್ ಅವನ್ನು ಬಾಗಿಲಲ್ಲೇ ತಿರಸ್ಕರಿಸುತ್ತಿತ್ತು. ಮೌನವನ್ನು ಎಲ್ಲರೂ ಕ್ಷೇಮವೆಂದು ತಿಳಿದಿದ್ದರು.

ಕೊನೆಗೆ ಕೈಹಿಡಿದದ್ದು ಅದೇ ಎಂಜಿನಿಯರ್ ಬೇರೊಂದು ಪರೀಕ್ಷೆಗೆಂದು ಸುಮಾರು ಆರು ಗಂಟೆ ಮುಂಚೆ ತೆಗೆದಿದ್ದ ಸ್ನ್ಯಾಪ್‌ಶಾಟ್. ಆ ಆರು ಗಂಟೆಗಳ ಡೇಟಾ ಮಾತ್ರ ಹೋಯಿತು. ಜನರ ಕೋಡ್ ಉಳಿಯಿತು, ಆದರೆ ಹೊಸ ಪ್ರಾಜೆಕ್ಟ್‌ಗಳ ವಿವರ, ಟಿಪ್ಪಣಿಗಳು, ಸುಮಾರು 700 ಹೊಸ ಬಳಕೆದಾರರ ಖಾತೆಗಳು ಮರಳಲಿಲ್ಲ. ಸಂಸ್ಥೆ ಇದೆಲ್ಲವನ್ನೂ ಮುಚ್ಚಿಡದೆ ಬರೆದು ಪ್ರಕಟಿಸಿತು. ಸರ್ವರ್ ಕೆಲಸ ಕಲಿಯುವ ಪ್ರತಿಯೊಬ್ಬರೂ ಆ ವರದಿ ಓದಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಪಿಜಿ-ಡಂಪ್‌ನದೇ ಇನ್ನೊಂದು ಮಿತಿ ಇದೆ. ಅದು ಒಂದು ಡೇಟಾಬೇಸನ್ನು ಮಾತ್ರ ನಕಲಿಸುತ್ತದೆ. ಸರ್ವರಿನ ಬಳಕೆದಾರರು, ಪಾಸ್‌ವರ್ಡ್‌ಗಳು ಅದರಲ್ಲಿ ಬರುವುದಿಲ್ಲ, ಅವನ್ನು ಪಿಜಿ-ಡಂಪಾಲ್‌ನಿಂದ ಬೇರೆಯಾಗಿ ತೆಗೆದಿಡಬೇಕು.

‘ಚೆನ್ನಾಗಿ ನಡೆಯುತ್ತಿರುವುದಕ್ಕೆ ಅಪ್‌ಡೇಟ್ ಹಾಕಿ ಕೆಡಿಸಬಾರದು.’

ಈ ಭಯಕ್ಕೆ ಕಾರಣವಿಲ್ಲದಿಲ್ಲ. 2021ರ ಡಿಸೆಂಬರ್ 14ರಿಂದ 16ರವರೆಗೆ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಿಂದ ಸುಮಾರು 77 ಟಿಬಿ ಸಂಶೋಧನಾ ಡೇಟಾ ಅಳಿಸಿಹೋಯಿತು. ಹೋದದ್ದು ಸುಮಾರು 3 ಕೋಟಿ 40 ಲಕ್ಷ ಫೈಲುಗಳು, 14 ಸಂಶೋಧನಾ ಗುಂಪುಗಳಿಗೆ ಸೇರಿದವು. ಅವುಗಳಲ್ಲಿ ನಾಲ್ಕು ಗುಂಪುಗಳ ಡೇಟಾ ಬ್ಯಾಕಪ್‌ನಿಂದಲೂ ಸಿಗುವಂತಿರಲಿಲ್ಲ. ಅಳಿಸಿದ್ದು ವೈರಸ್ಸೂ ಅಲ್ಲ, ದಾಳಿಕೋರರೂ ಅಲ್ಲ, ಬ್ಯಾಕಪ್ ಸ್ಕ್ರಿಪ್ಟ್. ಹಳೆಯ ಲಾಗ್ ಫೈಲುಗಳನ್ನು ತೆಗೆಯುವ ಸಾಲೊಂದು ಅದರಲ್ಲಿತ್ತು. ಸ್ಕ್ರಿಪ್ಟ್ ಓಡುತ್ತಿರುವಾಗಲೇ ಅದರ ಮೇಲೆ ಹೊಸ ಆವೃತ್ತಿಯನ್ನು ಬರೆದರು. ಬ್ಯಾಶ್ ಶೆಲ್ ಸ್ಕ್ರಿಪ್ಟನ್ನು ಪೂರ್ತಿ ಓದಿಕೊಂಡು ಓಡಿಸುವುದಿಲ್ಲ, ಓಡಿಸುತ್ತಾ ಓದುತ್ತದೆ. ಹೀಗಾಗಿ ಹೊಸ ಸ್ಕ್ರಿಪ್ಟ್ ನಡುವಿನಿಂದ ಶುರುವಾಯಿತು, ಯಾವ ಡೈರೆಕ್ಟರಿ ಎಂದು ಹೇಳಬೇಕಿದ್ದ ವೇರಿಯಬಲ್‌ಗೆ ಬೆಲೆಯೇ ಇರಲಿಲ್ಲ, ಅಳಿಸುವ ಆಜ್ಞೆ ಲಾಗ್ ಬಿಟ್ಟು ಸಂಶೋಧಕರ ಫೈಲುಗಳಿಗೆ ಕೈಹಾಕಿತು. ವ್ಯವಸ್ಥೆ ಪೂರೈಸಿದ್ದ ಎಚ್‌ಪಿಇ ಕಂಪನಿ ಹೊಣೆ ಪೂರ್ತಿಯಾಗಿ ತನ್ನದೇ ಎಂದು ಒಪ್ಪಿಕೊಂಡಿತು.

ಹಾಗೆಂದು ಅಪ್‌ಡೇಟ್ ಹಾಕದೆ ಕೂತರೆ ಏನಾಗುತ್ತದೆ ಎಂಬುದಕ್ಕೆ 2024ರ ಸೆಪ್ಟೆಂಬರ್ ಇದೆ. ವೀಮ್ ಕಂಪನಿ ತನ್ನ ಬ್ಯಾಕಪ್ ಸಾಫ್ಟ್‌ವೇರಿನಲ್ಲಿ ಸಿವಿಇ-2024-40711 ಎಂಬ ದೋಷವನ್ನು ಪ್ರಕಟಿಸಿ, 12.2 ಆವೃತ್ತಿಯಲ್ಲಿ ಸರಿಪಡಿಸಿತು. ಅದರ ತೀವ್ರತೆ 10ಕ್ಕೆ 9.8. ಪಾಸ್‌ವರ್ಡ್ ಇಲ್ಲದೆಯೇ ದೂರದಿಂದ ಬ್ಯಾಕಪ್ ಸರ್ವರಿನಲ್ಲಿ ತಮಗೆ ಬೇಕಾದ ಕೋಡ್ ಓಡಿಸಬಹುದಿತ್ತು. ಸುಮಾರು ಒಂದು ತಿಂಗಳಲ್ಲಿ, ಅಕಿರಾ ಮತ್ತು ಫಾಗ್ ಎಂಬ ರಾನ್ಸಮ್‌ವೇರ್‌ಗಳನ್ನು ಹರಡುವವರು ಇದೇ ದಾರಿ ಹಿಡಿದಿರುವುದನ್ನು ಸೋಫೋಸ್ ಸಂಸ್ಥೆ ವರದಿ ಮಾಡಿತು. ಸುಲಿಗೆಕೋರರು ಮೊದಲು ಹುಡುಕುವುದೇ ಬ್ಯಾಕಪ್ಪನ್ನು, ಅದು ಹೋದರೆ ಹಣ ಕೊಡದೆ ಬೇರೆ ದಾರಿ ಇರುವುದಿಲ್ಲ ಎಂಬ ಲೆಕ್ಕದಿಂದ. 2025ರ ಮಾರ್ಚ್‌ನಲ್ಲಿ ಅದೇ ಸಾಫ್ಟ್‌ವೇರಿನಲ್ಲಿ ಇನ್ನೊಂದು ಗಂಭೀರ ದೋಷ ಹೊರಬಿತ್ತು. ಅದು ಬಾಧಿಸಿದ್ದು ಬ್ಯಾಕಪ್ ಸರ್ವರನ್ನು ಕಚೇರಿಯ ಡೊಮೇನಿಗೆ ಸೇರಿಸಿದ್ದವರನ್ನು. ಹಾಗೆ ಸೇರಿಸುವುದು ಒಳ್ಳೆಯದಲ್ಲ ಎಂದು ಕಂಪನಿಯ ಮಾರ್ಗಸೂಚಿ ಮುಂಚೆಯೇ ಹೇಳಿತ್ತು.

ಅಪ್‌ಡೇಟ್ ಹಾಕಲೇಬೇಕು. ಹಾಕುವ ಮುಂಚೆ ಮಿತಿಗಳ ಪಟ್ಟಿ ಓದಿ, ಓಡುತ್ತಿರುವ ಬ್ಯಾಕಪ್ ಕೆಲಸಗಳನ್ನು ನಿಲ್ಲಿಸಿ. ಹಾಕಿದ ಮೇಲೆ ಹೊಸ ಆವೃತ್ತಿಯಿಂದ ಒಂದು ಹಳೆಯ ಬ್ಯಾಕಪ್ಪನ್ನು ತೆರೆದು ನೋಡಿ. ಈ ಮೂರನೆಯ ಹೆಜ್ಜೆಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

‘ರೇಡ್ ಇದೆ, ರೆಪ್ಲಿಕಾ ಇದೆ. ಬೇರೆ ಬ್ಯಾಕಪ್ ಯಾಕೆ?’

ಡಿಸ್ಕ್ ಕೆಟ್ಟರೆ, ಡೇಟಾವನ್ನು ಹಲವು ಡಿಸ್ಕ್‌ಗಳಲ್ಲಿ ಇಡುವ ರೇಡ್ ಕಾಪಾಡುತ್ತದೆ, ಸರ್ವರ್ ಕೆಟ್ಟರೆ ರೆಪ್ಲಿಕಾ. ಮನುಷ್ಯ ತಪ್ಪಿ ಅಳಿಸಿದರೆ ಎರಡೂ ಆ ಅಳಿಸುವಿಕೆಯನ್ನು ಅಷ್ಟೇ ಶ್ರದ್ಧೆಯಿಂದ ನಕಲಿಸುತ್ತವೆ.

‘ದೊಡ್ಡ ಸಂಸ್ಥೆಯವರು, ಬೇರೆಲ್ಲೋ ಒಂದು ಪ್ರತಿ ಇಟ್ಟೇ ಇರುತ್ತಾರೆ.’

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕ್ಲೌಡ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ, ಕೆಲವು ಗ್ರಾಹಕರ ಬ್ಯಾಕಪ್ಪೂ ಅದೇ ಆವರಣದಲ್ಲಿದ್ದು ಸರ್ವರಿನ ಜೊತೆಗೇ ಹೋಯಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್‌ನ 858 ಟಿಬಿ ನಾಶವಾಯಿತು. ಗಾತ್ರ ತೀರಾ ದೊಡ್ಡದೆಂಬ ಕಾರಣಕ್ಕೆ ಅದಕ್ಕೆ ಹೊರಗೆಲ್ಲೂ ಬ್ಯಾಕಪ್ ಇರಲಿಲ್ಲ.

‘ಬ್ಯಾಕಪ್ ಇದ್ದರೆ ಒಂದೆರಡು ಗಂಟೆಯಲ್ಲಿ ಎಲ್ಲ ಮೊದಲಿನಂತೆ.’

ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ 2022ರ ನವೆಂಬರ್ 23ರಂದು ರಾನ್ಸಮ್‌ವೇರ್ ದಾಳಿಯಾಯಿತು. ದಾಳಿ ತಟ್ಟದ ಒಂದು ಬ್ಯಾಕಪ್ ಸರ್ವರ್ ಇದ್ದದ್ದು ದೊಡ್ಡ ಭಾಗ್ಯ, ಆಸ್ಪತ್ರೆ ಬಳಸುತ್ತಿದ್ದ ಇ-ಹಾಸ್ಪಿಟಲ್ ವ್ಯವಸ್ಥೆಯ ಡೇಟಾ ಅದರಿಂದ ಮರಳಿತು. ಆದರೂ ನೋಂದಣಿ, ಲ್ಯಾಬ್ ವರದಿ, ಬಿಲ್ಲು ಎಲ್ಲವೂ ಸುಮಾರು ಎರಡು ವಾರ ಕೈಬರಹದಲ್ಲೇ ನಡೆದವು. ಸೋಂಕು ತಗುಲಿದ ಯಂತ್ರಗಳನ್ನು ಶುದ್ಧಮಾಡದೆ ಡೇಟಾ ಹಾಕುವಂತಿಲ್ಲ, ಹಾಕುವುದಕ್ಕೂ ಸಮಯ ಬೇಕು. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುವ ಜಾಲದಲ್ಲಿ, ಎಲ್ಲವೂ ಸುಸೂತ್ರವಾಗಿ ನಡೆದರೂ 10 ಟಿಬಿ ಸಾಗಲು 22 ಗಂಟೆ ಬೇಕು. ಈ ಅಂಕಿಯನ್ನು ಆಡಳಿತದವರ ಮುಂದೆ ಮೊದಲೇ ಇಟ್ಟಿರುವುದು ಅಡ್ಮಿನ್ ಆದವರ ಕರ್ತವ್ಯ. ಎಷ್ಟು ದಿನ ಕಾಗದದ ಮೇಲೆ ಕೆಲಸ ನಡೆಸಬೇಕಾಗುತ್ತದೆ ಎಂಬುದು ವಾರ್ಡಿನ ನರ್ಸ್‌ಗೂ ಗೊತ್ತಿರಬೇಕು.

‘ಬ್ಯಾಕಪ್ ಫೈಲು ಉಳಿದರೆ ಸಾಕು.’

ಫೈಲು ಎನ್‌ಕ್ರಿಪ್ಟ್ ಆಗಿದ್ದು ಅದರ ಕೀಲಿ ಸುಟ್ಟ ಸರ್ವರಿನಲ್ಲೇ ಇದ್ದರೆ ಆ ಫೈಲಿನಿಂದ ಉಪಯೋಗವಿಲ್ಲ. ಹೊಸ ಆವೃತ್ತಿಯಲ್ಲಿ ತೆಗೆದ ಬ್ಯಾಕಪ್ಪನ್ನು ಹಳೆಯ ಆವೃತ್ತಿ ಸಾಮಾನ್ಯವಾಗಿ ಓದುವುದಿಲ್ಲ. ಆದ್ದರಿಂದ ಈಗ ಬಳಸುತ್ತಿರುವ ಆವೃತ್ತಿಯ ಇನ್‌ಸ್ಟಾಲರ್, ಲೈಸೆನ್ಸ್ ಫೈಲು, ಬ್ಯಾಕಪ್ ಸರ್ವರಿನ ಸೆಟ್ಟಿಂಗ್‌ಗಳ ನಕಲು, ಎನ್‌ಕ್ರಿಪ್ಶನ್ ಕೀಲಿ ಇವೆಲ್ಲ ಬೇರೆ ಕಟ್ಟಡದಲ್ಲಿ ಇರಬೇಕು, ಕೀಲಿಯ ಒಂದು ಪ್ರತಿ ಕಾಗದದ ಮೇಲೂ ಇರಬೇಕು. ಅಪ್‌ಡೇಟ್ ಹಾಕಿದ ದಿನವೇ ಅಲ್ಲಿನ ಇನ್‌ಸ್ಟಾಲರನ್ನೂ ಬದಲಿಸಿ.