ಮತ್ತೆ ಮೇಳ ಕಟ್ಟಿಸಿದ ವೀಣೆ

ಗವಸು ಕಳಚಿದೊಡನೆ ಕಂಡದ್ದು ಯಾಳಿಯ ಮುಖ. ಅದರ ಹಲ್ಲಿನ ಸಂದಿಗಳಲ್ಲಿ ದೂಳು ತುಂಬಿತ್ತು. ಹಲಸಿನ ಮರದ ಕೊಡ ಮಂಕಾಗಿತ್ತು. ತುಕ್ಕು ಹಿಡಿದು ತುಂಡಾದ ಸಾರಣಿ ತಂತಿ ಬಿರಡೆಯ ಬಳಿ ಸುರುಳಿ ಸುತ್ತಿಕೊಂಡಿತ್ತು. ದಂಡಿಯ ಮೇಲಿನ ಕಪ್ಪು ಮೇಣ ಬೇಸಿಗೆಗಳಲ್ಲಿ ಮೆತ್ತಗಾಗಿ, ಚಳಿಗೆ ಬಿರಿದು, ಹಿತ್ತಾಳೆಯ ಮೆಟ್ಟಿಲುಗಳೆಲ್ಲ ಓರೆಯಾಗಿದ್ದವು. ನೌಕರಿ, ವರ್ಗಾವಣೆ, ಮಕ್ಕಳ ಓದು ಎಂದು ನಾನು ಊರೂರು ಸುತ್ತುತ್ತಿದ್ದಷ್ಟು ಕಾಲವೂ ಅದು ಮೈಸೂರಿನ ತವರುಮನೆಯ ಅಟ್ಟದಲ್ಲೇ ಇತ್ತು.

ಇಂಥ ವೀಣೆಗೆ ಹೊಸ ತಂತಿ ಹಾಕಿದರೆ ಸಾಲದು, ಮೇಳ ಕಟ್ಟಿಸಬೇಕು. ಮನೆಗೆ ಬಂದ ಕುಶಲಕರ್ಮಿ ಹಳೆಯ ಮೇಣವನ್ನೆಲ್ಲ ಕೆರೆದು ತೆಗೆದರು. ಜೇನುಮೇಣಕ್ಕೆ ಮಸಿ ಬೆರೆಸಿ ಕಾಯಿಸಿ, ದಂಡಿಯ ಎರಡೂ ಅಂಚಿಗೆ ದಿಂಡು ಕಟ್ಟಿದರು. ಅದರ ಮೇಲೆ ಎರಡು ಸ್ಥಾಯಿಗೆ 24 ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸಿದರು. ತಂತಿ ಮೀಟುವುದು, ತಲೆ ಬಾಗಿಸಿ ಆಲಿಸುವುದು, ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸುವುದು, ಮತ್ತೆ ಮೀಟುವುದು. ಅಂತರ ಗಾಂಧಾರದ ಮನೆ ನಿಲ್ಲುವವರೆಗೆ ಅವರು ಬೇರೆ ಮಾತೇ ಆಡಲಿಲ್ಲ. ಆಮೇಲೆ ನಾಲ್ಕು ನುಡಿಸುವ ತಂತಿಗಳನ್ನೂ ಪಕ್ಕದ ಮೂರು ತಾಳದ ತಂತಿಗಳನ್ನೂ ಶ್ರುತಿಗೆ ಸೇರಿಸಿದರು. ಮಂದ್ರದ ತಂತಿ ಮೀಟಿದಾಗ ಕೊಡದ ನಾದ ನೆಲದ ಮೂಲಕ ನನ್ನ ಮಡಿಸಿದ ಕಾಲಿಗೂ ತಾಗಿತು.

ನುಡಿಸದೆ ಕಳೆದ ವರ್ಷಗಳಲ್ಲೂ ಕೇಳುವುದು ನಿಂತಿರಲಿಲ್ಲ. ವೀಣೆ ಶೇಷಣ್ಣನವರ ಶಿಷ್ಯ ವೆಂಕಟಗಿರಿಯಪ್ಪ, ಅವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್. ಬೆಂಗಳೂರು ಆಕಾಶವಾಣಿಯಲ್ಲಿ ಕೆಲಸ ಮಾಡಿದ ದೊರೆಸ್ವಾಮಿ ಅಯ್ಯಂಗಾರರ ವಾದನ ಅಡುಗೆಮನೆಯ ರೇಡಿಯೊದಲ್ಲಿ ಬಂದಾಗಲೆಲ್ಲ ಒಲೆ ಸಣ್ಣ ಮಾಡಿ ನಿಂತಿದ್ದೇನೆ. ಒಂದೊಂದು ಮೀಟೂ ಬಿಡಿಬಿಡಿಯಾಗಿ, ತುಂಬಿ ಕೇಳುವ ಆ ಮೈಸೂರು ಬಾನಿ ಕಿವಿಯಲ್ಲಿ ಹಾಗೇ ಉಳಿದಿತ್ತು.

ಬೆರಳಿಗೆ ಮಾತ್ರ ಎಲ್ಲವೂ ಹೊಸದು. ಎಡಗೈಯ ತೋರುಬೆರಳು, ನಡುಬೆರಳುಗಳ ತುದಿಯಲ್ಲಿ ಹಿಂದೆ ಇದ್ದ ಜಡ್ಡು ಕರಗಿ ಚರ್ಮ ಮೆದುವಾಗಿತ್ತು. ಕೊಬ್ಬರಿ ಎಣ್ಣೆ ಸವರಿಕೊಂಡು ತಂತಿ ಒತ್ತಿದರೂ ಸ್ವಲ್ಪ ಹೊತ್ತಿಗೇ ಉರಿ. ಗಮಕಕ್ಕೆಂದು ತಂತಿಯನ್ನು ಪಕ್ಕಕ್ಕೆ ಎಳೆದರೆ, ಮುಟ್ಟಬೇಕಾದ ಸ್ವರ ಕಿವಿಗೆ ಗೊತ್ತು, ಬೆರಳು ಅದಕ್ಕಿಂತ ಕೆಳಗೇ ನಿಲ್ಲುತ್ತದೆ. ತಾಳದ ತಂತಿ ಮೀಟುವ ಕಿರುಬೆರಳು ಕಾಲಕ್ಕೆ ಸರಿಯಾಗಿ ಏಳುವುದಿಲ್ಲ.

ಅದಕ್ಕೇ ವರ್ಣ, ಕೃತಿಗಳನ್ನು ಬದಿಗಿಟ್ಟು ಮಾಯಾಮಾಳವಗೌಳಕ್ಕೆ ಬಂದೆ. ಮಕ್ಕಳಿಗೆ ಹೇಳಿಕೊಡುವ ಅದೇ ಸರಳೆ, ಅದೇ ಜಂಟಿ ವರಸೆ, ಮೊದಲು ವಿಳಂಬದಲ್ಲಿ. ಚಿಕ್ಕವಳಿದ್ದಾಗ ಪಾಠ ಒಪ್ಪಿಸಿ ಆಟಕ್ಕೆ ಓಡುವ ಆತುರದಲ್ಲಿ ದಾಟಿಹೋದ ಸ್ವರಗಳು ಅವು. ಈಗ ಒಂದು ಷಡ್ಜವನ್ನು ಮೀಟಿ, ಅದು ಪೂರ್ತಿ ಅಡಗುವವರೆಗೆ ಕಾಯುವ ತಾಳ್ಮೆಯಿದೆ. ರಿಷಭ ಷಡ್ಜಕ್ಕೆ ಎಷ್ಟು ಹತ್ತಿರವಿದೆ, ಅಲ್ಲಿಂದ ಗಾಂಧಾರಕ್ಕೆ ಎಷ್ಟು ದೂರ ಹೋಗಬೇಕು ಎಂಬುದು ಈ ವಯಸ್ಸಿನಲ್ಲೇ ನನಗೆ ತಿಳಿದದ್ದು. ಬೆರಳ ತುದಿ ಮತ್ತೆ ಗಟ್ಟಿಯಾಗುತ್ತಿದೆ. ಬೆಳಗಿನ ಕಾಫಿಗೂ ಮುಂಚೆ ಮನೆಯಲ್ಲಿ ನಾದ ಕೇಳುತ್ತಿದೆ.

ನಿಮ್ಮ ಮನೆಯ ಅಟ್ಟದಲ್ಲೋ ಮಂಚದ ಕೆಳಗೋ ವೀಣೆಯೊಂದು ಇದ್ದರೆ ಕೆಳಗಿಳಿಸಿ. ಬಲ್ಲವರಿಂದ ಮೇಳ ಕಟ್ಟಿಸಿ. ಆ ಕಸುಬು ಬಲ್ಲವರ ಕೈಗೂ ಕೆಲಸ ಸಿಗಲಿ. ಕಛೇರಿಗೆ ಕೂರಬೇಕೆಂಬ ಹಟ ಬೇಡ, ಬಿಟ್ಟಲ್ಲಿಂದಲೇ ಮುಂದುವರಿಸುವ ಆಸೆಯೂ ಬೇಡ. ಸರಳೆ ವರಸೆಯಿಂದ ಹಿಡಿಯಿರಿ, ವಿದ್ಯೆ ಕೈಬಿಡುವುದಿಲ್ಲ.